ಠಾಣೆಗೆ ಹೋದ ಭರ್ಜಿ

ಗಡಿಯೂರು ಡಾಬಕಾದ ಕೇಶರಬಾಯಿಯ ಆಸ್ತಿ ಎಂದರೆ ಎರಡು ಎಕರೆ ಬೇಸಿಗೆ ಶೇಂಗಾ, ಒಂದು ಬಾವಿ, ಎಂಟು ಹಲ್ಲು. ಶೇಂಗಾ ಕೀಳುವುದಕ್ಕೆ ಇನ್ನೂ ಮೂರು ವಾರವಿತ್ತು. ಅಷ್ಟರಲ್ಲಿ ಮಹಾರಾಷ್ಟ್ರದ ಕಡೆಯಿಂದ ಕಾಡುಹಂದಿಗಳು ಯಾರ ಅಪ್ಪಣೆಯನ್ನೂ ಕೇಳದೆ ಬರತೊಡಗಿದವು. ದಿನಾ ಸಾಯಂಕಾಲ ಒಂದೊಂದು ಸಾಲು ಹೊರಳಿಸಿ, ಕಾಳು ತಿಂದು, ಸಿಪ್ಪೆ ಮಾತ್ರ ಯಜಮಾನಿಗೆ ಬಿಟ್ಟು ಹೋಗುತ್ತಿದ್ದವು. ತಗಡು ಬಡಿದಳು, ಹಂದಿಗಳು ತಾಳಕ್ಕೆ ಸರಿಯಾಗಿ ತಿಂದವು. ಹಳೆಯ ಸೀರೆ ಕಟ್ಟಿದಳು. ಅದನ್ನೂ ಎಳೆದುಕೊಂಡು ಹೋದವು, ಮನೆಯಲ್ಲಿ ಹೆಂಡಿರಿದ್ದಿರಬೇಕು.

ಕಡೆಗೆ ಭರ್ಜಿ ಮಾಡಲು ಕೂತಳು.

ಬದುವಿನ ಜಾಲಿಯಿಂದ ತನಗಿಂತ ಒಂದು ಗೇಣು ಉದ್ದದ ಟೊಂಗೆ ಕಡಿದು, ಕುಡುಗೋಲಿನಿಂದ ತೊಗಟೆ ಸುಲಿದಳು. ಊರ ಗಂಡಸರ ಮಾತಿನ ಹಾಗೆ ಅದು ಎರಡು ಕಡೆ ಡೊಂಕಿತ್ತು. ಡೊಂಕನ್ನು ಕೆಂಡದ ಮೇಲೆ ಕಾಯಿಸಿ, ಬಿಸಿಯಿದ್ದಾಗಲೇ ಬೇವಿನ ಕವೆಯಲ್ಲಿ ಸಿಗಿಸಿ, ಒತ್ತಿ ಒತ್ತಿ ನೆಟ್ಟಗೆ ಮಾಡಿದಳು. ಮೊನೆ ಕೆತ್ತುವಾಗ ನಡುವಿನ ತಿರುಳನ್ನು ಒಂದು ಮಗ್ಗುಲಿಗೆ ಬಿಟ್ಟಳು; ಮೆತ್ತಗಿನ ತಿರುಳು ತುದಿಗೆ ಬಂದರೆ ಮೊದಲ ಏಟಿಗೇ ಮುರಿಯುತ್ತದೆ. ಒಡೆದ ಗಾಜಿನಿಂದ ಹೆರೆದು ನಯ ಮಾಡಿ, ಮೊನೆಯನ್ನು ಬಿಸಿ ಬೂದಿಯಲ್ಲಿ ಹೂತು ಹೊರಳಿಸುತ್ತ ಕೂತಳು. ಉರಿಗೆ ಹಿಡಿದರೆ ಕರಕಲಾಗುತ್ತದೆ. ಬೂದಿಯಲ್ಲಿ ಬೆಂದರೆ ಬೆಲ್ಲದ ಬಣ್ಣ ಬಂದು ಬಿಗಿಯುತ್ತದೆ. ಮೂರು ದಿನ ಹಿಡಿಯಿತು. ಕುರಿ ಕಾಯುವ ಹಣಮಂತಪ್ಪ ಸವರುವುದಕ್ಕೆ ಕುರಿಯ ಕೊಬ್ಬು ಕೊಟ್ಟ, ಜೊತೆಗೆ ಬಿಟ್ಟಿ ಮಾತೂ ಕೊಟ್ಟ.

"ಕೇಶರಕ್ಕಾ, ಇಷ್ಟು ಛಂದ ಮಾಡಿದರ ಹಂದಿ ಹೆದರೂದಿಲ್ಲ. ಲಗ್ನಾ ಮಾಡ್ಕೋತೇನಿ ಅಂತದ."

"ನಿನ್ನನ್ನೇ ಸತ್ಯಮ್ಮ ಲಗ್ನಾ ಮಾಡ್ಕೊಂಡಾಳ, ಹಂದೀದೇನು ದೊಡ್ಡ ಮಾತು!"

ಆಗಲೇ ಆಟೋ ಒಂದು ಧೂಳೆಬ್ಬಿಸುತ್ತ ಬಂತು. ಅದರ ಮೈಕು ಒದರಿತು: ಇಲೆಕ್ಷನ್ ಮುಗಿಯುವವರೆಗೆ ಯಾರ ಬಳಿ ಯಾವುದೇ ಹತಿಯಾರ, ಆಯುಧವಿದ್ದರೂ ಠಾಣೆಗೆ ಜಮಾ ಮಾಡತಕ್ಕದ್ದು.

"ಕೇಳ್ದಿ?" ಎಂದ ಹಣಮಂತಪ್ಪ, ಮುಖ ಗಂಟುಹಾಕಿಕೊಂಡು. "ಯಾವದೇ ಅಂದ್ರ ಯಾವದೇ."

ಕೇಶರಬಾಯಿ ಭರ್ಜಿಯನ್ನು ಸೆರಗಿನಡಿ ಎಳೆದುಕೊಂಡಳು. ಕೊಟ್ಟರೆ ಶೇಂಗಾ ಹೋಯಿತು, ಕೊಡದಿದ್ದರೆ ಜೇಲು. ಠಾಣೆಯಲ್ಲೇ ಕೇಳಿಬಿಡೋಣವೆಂದು ಮರುದಿನ ಭರ್ಜಿ ಹಿಡಿದು ಔರಾದಿನ ಬಸ್ಸು ಹತ್ತಿದಳು.

"ಆಯಿ, ನಿನಗ ಫ್ರೀ. ಇದಕ್ಕ ಲಗೇಜ್ ಆಗ್ತದ," ಎಂದ ಕಂಡಕ್ಟರ್.

"ಇದೂ ಹೆಣ್ಣೇ ಅದ."

"ಹಂಗಾರ ಇದರ ಆಧಾರ್ ತೋರ್ಸು."

ಠಾಣೆಯಲ್ಲಿ ರೈಟರ್ ಆರತಿ ದಪ್ಪ ಪುಸ್ತಕ ತೆರೆದಳು. "ಲೈಸೆನ್ಸ್ ಎಲ್ಲಿ ಮಾಡ್ಸೀರಿ?"

"ಜಾಲಿ ಗಿಡದಾಗ."

"ಗುಂಡು ಎಷ್ಟವ?"

"ಇದಕ್ಕ ಗುಂಡು ನಾನೇ ಅವ್ವಾ."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಆರತಿ, ಒಂದು ಚೀಟಿ ಬರದುಕೊಡು. ಕೇಶರಬಾಯಿ ಬಳಿ ಇರೋ ಕೋಲು ಹತಿಯಾರ ಅಲ್ಲ ಅಂತ. ಶಿಕ್ಕಾ ಹೊಡಿ. ಆಯಿ, ನಡೀರಿ ಮನಿಗಿ."

ಶೇಂಗಾ ಉಳಿಯಿತು. ಬೇಕಾಗಿದ್ದದ್ದು ಅಷ್ಟೇ. ಚೀಟಿಯನ್ನು ಎಲೆಯಡಿಕೆ ಸಂಚಿಗೆ ತುರುಕಿ ಹೊರಟಳು. ಹೊಸ್ತಿಲು ದಾಟುವುದೊಂದೇ ಬಾಕಿ, ಹಿಂದಿನಿಂದ ಆರತಿಯ ಮಾತು ಕಿವಿಗೆ ಬಿತ್ತು. "ಪಾಪ, ಪಪ್ಪಾಯಿಗಾದ್ರೂ ನಾಟ್ತದೋ ಇಲ್ಲೋ."

ಕೇಶರಬಾಯಿ ನಿಂತಳು. ಮೂರು ದಿನದ ಬೂದಿ ಅವಳ ನೆತ್ತಿಗೇರಿತು.

"ಸಾಹೇಬ, ಜರಾ ಎದ್ದು ಆ ಕಡಿ ನಿಂದರ್ರಿ."

ಆ ದನಿಗೆ ಸಾಹೇಬರು ಚಹಾದ ಸಮೇತ ಎದ್ದು ಪಕ್ಕಕ್ಕೆ ಸರಿದರು. ಭರ್ಜಿ ಹೋಯಿತು. ಕುರ್ಚಿಯ ಬೆನ್ನಲ್ಲಿ ಹೊಕ್ಕು, ಹಿಂದುಗಡೆ ಎರಡು ಗೇಣು ಹೊರಬಂದು, ತರತರ ನಡುಗುತ್ತ ನಿಂತಿತು. ಸಾಹೇಬರು ಕುರ್ಚಿ ನೋಡಿದರು, ಆಮೇಲೆ ತಮ್ಮ ಬೆನ್ನು ಮುಟ್ಟಿಕೊಂಡರು.

"ಬರಕೋ ಆರತಿ," ಎಂದರು. "ಹತಿಯಾರ. ಒಂದು."

"ಈಗ ಬಂದ್ರಿ ನೋಡ್ರಿ ದಾರಿಗಿ," ಎಂದು ಕೇಶರಬಾಯಿ ರಸೀದಿ ಇಸಿದುಕೊಂಡು, ಮದುವಣಗಿತ್ತಿಯ ತಾಯಿಯ ಠೀವಿಯಲ್ಲಿ ಹೊರಬಿದ್ದಳು.

ವಾಪಸ್ಸಿನ ಬಸ್ಸಿನಲ್ಲಿ ಅದೇ ಕಂಡಕ್ಟರ್ "ಈಗ ಲಗೇಜ್ ಇಲ್ಲೇನು ಆಯಿ?" ಅಂದಾಗಲೇ ಖಾಲಿ ಕೈ ಕಂಡದ್ದು. ಭರ್ಜಿ ವಾಪಸ್ಸು ಸಿಗುವುದು ಮತ ಎಣಿಕೆಯಾದ ಮೇಲೆ. ಅಷ್ಟರಲ್ಲಿ ಹಂದಿಗಳು ಶೇಂಗಾ ಮುಗಿಸಿ ಡರ್ ಎಂದು ತೇಗಿರುತ್ತವೆ. "ಕೇಶರಿ, ನಿನಗ ಎಂಟು ಹಲ್ಲರ ಅವ, ಬುದ್ಧಿ ಒಂದೂ ಇಲ್ಲ," ಎಂದು ತನ್ನನ್ನೇ ಬೈದುಕೊಂಡು ಎಲೆ ಹಾಕಲು ಸಂಚಿ ಬಿಚ್ಚಿದಳು. ಒಳಗೆ ಎರಡು ಕಾಗದ. ಒಂದು ರಸೀದಿ. ಇನ್ನೊಂದನ್ನು ಯಾರೂ ವಾಪಸ್ಸು ಕೇಳಿರಲಿಲ್ಲ. ಅಕ್ಷರಗಳ ಕೆಳಗೆ ಬೆರಳಿಟ್ಟು, ಊರು ಬರುವತನಕ ಅದನ್ನೇ ನಾಲ್ಕು ಸಲ ಓದಿದಳು.

ಎರಡು ದಿನ ಬಿಟ್ಟು ಹಣಮಂತಪ್ಪ ಕುರಿ ಹೊಡೆದುಕೊಂಡು ಬಂದಾಗ ಅವಳು ಬೂದಿಯ ಮುಂದೆ ಕೂತಿದ್ದಳು, ತೊಡೆಯ ಮೇಲೆ ಹೊಸ ಜಾಲಿ ಟೊಂಗೆ.

"ಮತ್ತೊಂದು ಭರ್ಜೀನಾ? ಇದನ್ನೂ ಠಾಣಾಕ್ಕ ಕೊಟ್ಟು ಬರ್ತೀ ಏನು?"

"ಭರ್ಜಿ ಯಾರು ಅಂದ್ರು? ಇದು ಕೋಲು. ಸರಕಾರ ಶಿಕ್ಕಾ ಹೊಡದು ಬರದುಕೊಟ್ಟದ, ನೋಡು."

ಹಣಮಂತಪ್ಪ ಚೀಟಿ ತಿರುವಿ ತಿರುವಿ ನೋಡಿದ. "ಕೋಲು ಅಂದ್ರ ಹಂದಿ ಹೆದರಬೇಕಲ್ಲ?"

"ಹಂದಿಗಿ ಓದಾಕ ಬರ್ತದೇನು?" ಎಂದು ಕೇಶರಬಾಯಿ ಮೊನೆಯನ್ನು ಬಿಸಿ ಬೂದಿಯೊಳಗೆ ಹೂತಳು.