ಬೆನ್ನಿಗೆ ಸಿಕ್ಕಿಸಿದ ಪಿಸ್ತೂಲು

ಡೆಲ್ಬರ್ಟ್ ಹಸ್ಕಿನ್ಸ್ ಇಪ್ಪತ್ತಾರು ವರ್ಷ ಪಿಸ್ತೂಲನ್ನು ಬಲಸೊಂಟದಲ್ಲಿಟ್ಟುಕೊಂಡೇ ಓಡಾಡಿದವನು. ಒಕ್ಲಹೋಮಾದ ಆ ಊರಲ್ಲಿ ಇದೇನೂ ಹೇಳಿಕೊಳ್ಳುವ ವಿಷಯವಲ್ಲ. ಅಲ್ಲಿನ ಗಂಡಸರು ಕನ್ನಡಕ ಮರೆತರೂ ಅದನ್ನು ಮರೆಯುವುದಿಲ್ಲ. ಆದರೆ ಅರವತ್ತಮೂರಕ್ಕೆ ಹೊಟ್ಟೆ ಬೆಲ್ಟಿನಾಚೆ ಇಳಿಯಿತು, ಸೊಂಟದ ಮೂಳೆ ಸವೆಯಿತು, ಹಿಡಿಕೆ ಒತ್ತಿ ಒತ್ತಿ ಪಕ್ಕೆಯ ಚರ್ಮ ಕಪ್ಪುಗಟ್ಟಿತು. ಮೇ ತಿಂಗಳಲ್ಲಿ ಅವನೊಂದು ಹೊಸ ಚರ್ಮದ ಒರೆ ತಂದು, ಪಿಸ್ತೂಲನ್ನು ಬೆನ್ನ ಹಿಂದೆ, ಬೆಲ್ಟಿನ ನಟ್ಟನಡುವೆ ಸಿಕ್ಕಿಸಿ, ಮೇಲೆ ಅಂಗಿ ಇಳಿಬಿಟ್ಟ.

"ನೋಡೇ ಲೊರೀನ್, ಇದೆಯೋ ಇಲ್ವೋ ಅಂತ ನನಗೇ ಗೊತ್ತಾಗಲ್ಲ!" ಎಂದು ಹೆಂಡತಿಯ ಮುಂದೆ ಒಂದು ಸುತ್ತು ತಿರುಗಿದ.

"ಅಂಗಾತ ಬಿದ್ರೆ ಗೊತ್ತಾಗತ್ತೆ, ಬೆನ್ನುಮೂಳೆ ಪುಡಿಯಾದಾಗ," ಎಂದಳು ಅವಳು ಹಿಟ್ಟು ನಾದುತ್ತಲೇ. "ಹಿಂದಿನಿಂದ ಯಾರಾದ್ರೂ ಕೈ ಹಾಕಿದ್ರೆ?"

"ಈ ಮುದುಕನ ಹಿಂದೆ ಯಾರೇ ಬರ್ತಾರೆ?"

ಬರುವವಳೊಬ್ಬಳಿದ್ದಳು. ಮೊಮ್ಮಗಳು ಟಿಲ್ಲಿ, ನಾಲ್ಕು ವರ್ಷ. ಟಲ್ಸಾ ನಗರದಲ್ಲಿ ನರ್ಸ್ ಆಗಿರುವ ಮಗಳು ಜನೆಲ್, ಹಿಂದೊಮ್ಮೆ ಅಡುಗೆಮನೆಯ ಮೇಜಿನ ಮೇಲೆ ಬ್ರೆಡ್ಡಿನ ಪಕ್ಕ ಅಪ್ಪನ ಪಿಸ್ತೂಲು ಕಂಡಾಗಿನಿಂದ ಮಗುವನ್ನು ಎರಡು ಬೇಸಿಗೆ ಕಳಿಸಿರಲಿಲ್ಲ. ಈ ಸಲ ಷರತ್ತು ಹಾಕಿಯೇ ಬಿಟ್ಟುಹೋಗಿದ್ದಳು: "ಒಂದೋ ಅದು ಬೀಗ ಹಾಕಿದ ಪೆಟ್ಟಿಗೇಲಿರ್ಬೇಕು, ಇಲ್ಲ ನಿನ್ನ ಮೈಮೇಲಿರ್ಬೇಕು. ಟಿಲ್ಲಿ ಕೈ ಅದಕ್ಕೆ ತಾಗ್ತು ಅಂತ ಗೊತ್ತಾದ ದಿನಾನೇ ಕರ್ಕೊಂಡು ಹೋಗ್ತೀನಪ್ಪಾ."

ಡೆಲ್ಬರ್ಟ್ ಬೈಬಲ್ ಮುಟ್ಟಿ ಮಾತು ಕೊಟ್ಟ. ಕೊಟ್ಟ ಮಾತನ್ನು ನಡೆಸಿದ ಕೂಡ. ಹಗಲೆಲ್ಲ ಬೆನ್ನಿಗೆ, ಮಲಗುವಾಗ ಕಬ್ಬಿಣದ ಪೆಟ್ಟಿಗೆಗೆ. ಟಿಲ್ಲಿ ಕೋಳಿಗೂಡಿಗೆ, ಟೊಮೆಟೊ ಪಾತಿಗೆ, ದನದ ಮೇವಿನ ಅಂಗಡಿಗೆ, ಎಲ್ಲೆಲ್ಲಿಗೂ ತಾತನ ಬೆನ್ನು ಹತ್ತಿದಳು. ಯಾರ ಕಣ್ಣಿಗೂ ಬೀಳದ ಜಾಗ ಅಂತ ಪುಣ್ಯಾತ್ಮ ಹುಡುಕಿದ್ದು ನಾಲ್ಕು ವರ್ಷದ ಕೂಸಿನ ಕಣ್ಣಿನ ಮಟ್ಟಕ್ಕೇ ಬಂದು ಕೂತಿತ್ತು.

ಆ ಊರ ಗಂಡಸರಲ್ಲಿ ಒಂದು ಮರ್ಯಾದೆಯಿದೆ. ಬಗ್ಗಿ ಎದ್ದಾಗ ಯಾರದಾದರೂ ಅಂಗಿ ಪಿಸ್ತೂಲಿನ ಹಿಡಿಕೆಗೆ ಸಿಕ್ಕಿಕೊಂಡರೆ ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದಲ್ಲಿ ಹಾಯುತ್ತ ಅಂಗಿಯನ್ನು ಕೆಳಗೆಳೆದು, ಎರಡು ಸಲ ತಟ್ಟಿ, ಮುಂದೆ ಹೋಗುತ್ತಾರೆ. ಮೇವಿನ ಅಂಗಡಿಯ ರಾಯ್ಸ್ ಹಾಗೆ ಮಾಡಿ ಡೆಲ್ಬರ್ಟನ ಕಿವಿಯಲ್ಲಿ, "ಏನಯ್ಯಾ, ಊರಿಗೆಲ್ಲ ಪ್ರದರ್ಶನಾನಾ?" ಎಂದಿದ್ದ. ಟಿಲ್ಲಿ ಅಲ್ಲೇ ನಿಂತು ಮಿಠಾಯಿ ಚೀಪುತ್ತಿದ್ದಳು.

ಮೂರು ವಾರದ ನಂತರ ಒಂದು ಭಾನುವಾರ ಜನೆಲ್ ಮಗುವನ್ನು ನೋಡಿಹೋಗಲು ಬಂದಳು. ಪ್ರಾರ್ಥನೆ ಮುಗಿದು ಚರ್ಚಿನ ಹುಲ್ಲಿನ ಮೇಲೆ ಊಟ; ಮನೆಮನೆಯವರೂ ಮಾಡಿ ತಂದದ್ದು. ಮಗಳ ಕೆನ್ನೆಗೆ ಬಂದ ಬಣ್ಣ ನೋಡಿ ಜನೆಲ್, "ಆಗಸ್ಟ್ ತನಕ ಇರ್ಲಿ ಬಿಡಪ್ಪಾ," ಎಂದಳು. ಡೆಲ್ಬರ್ಟನಿಗೆ ಕುಣಿಯುವಷ್ಟು ಖುಷಿಯಾಯಿತು. ಕುಣಿಯಲು ಬರದೆ, ಎದ್ದು ಕುರ್ಚಿಗಳನ್ನು ಮಡಚತೊಡಗಿದ.

ಬಗ್ಗಿದಾಗ ಅಂಗಿ ಸಿಕ್ಕಿಕೊಂಡಿತು. ಟಿಲ್ಲಿ ಆಲೂಗಡ್ಡೆ ಪಲ್ಯದ ತಟ್ಟೆಯನ್ನು ಕೆಳಗಿಟ್ಟು, ತಾತನ ಹಿಂದೆ ಹೋಗಿ, ಎರಡೂ ಕೈಯಿಂದ ಹಿಡಿಕೆಯನ್ನು ಒಳಕ್ಕೆ ಅಮುಕಿ, ಅಂಗಿ ಕೆಳಗೆಳೆದು, ಎರಡು ಸಲ ತಟ್ಟಿ ಬಂದು ಮತ್ತೆ ತಟ್ಟೆ ಎತ್ತಿಕೊಂಡಳು. ಡೆಲ್ಬರ್ಟ್ ಎರಡನೇ ಕುರ್ಚಿಗೆ ಕೈ ಹಾಕಿದ್ದ.

"ಟಿಲ್ಲಿ, ಅದೇನು ಮಾಡ್ದೆ?" ಎಂದಳು ಜನೆಲ್.

"ತಾತಂದು ಮುಚ್ಚಿದೆ. ದಿನಾ ಮುಚ್ತೀನಿ. ಜಾರಿ ಮೇಲೆ ಬಂದಿದ್ರೆ ಒಳಗೆ ನೂಕ್ತೀನಿ. ಯಾರಿಗೂ ಹೇಳಬಾರ್ದು, ಸುಮ್ನೆ ಮುಚ್ಬೇಕು."

ಡೆಲ್ಬರ್ಟ್ ತಿರುಗಿದ. "ಒರೆ ಗಟ್ಟಿ ಇದೆ ಕಣೇ. ಟ್ರಿಗರ್ ಪೂರ್ತಿ ಒಳಗಿರತ್ತೆ, ಏನೂ ಆಗಲ್ಲ..."

"ಅಪ್ಪಾ, ಈಗ ಅವಳು ಕೈ ಹಾಕಿದ್ದು ನಿನಗೆ ಗೊತ್ತಾಯ್ತಾ?"

ಗೊತ್ತಾಯಿತು ಎನ್ನಬಹುದಿತ್ತು. "ಇಲ್ಲ," ಎಂದ.

"ಮೂರು ವಾರದಲ್ಲಿ ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ಜನೆಲ್ ಕೂಗಾಡದೆ ಮಗುವಿನ ಕೈ ಹಿಡಿದುಕೊಂಡಳು. ಲೊರೀನ್ ಏನೋ ಹೇಳಲು ಬಾಯಿ ತೆರೆದಳು, ಡೆಲ್ಬರ್ಟ್ ತಡೆದ. "ಸುಮ್ನಿರೇ. ಕರ್ಕೊಂಡು ಹೋಗ್ಲಿ. ಇವತ್ತೇ ಹೋಗ್ಲಿ." ಮನೆಗೆ ಬಂದು ಟಿಲ್ಲಿಯ ಪುಟ್ಟ ಬೂಟು, ಫ್ರಾಕುಗಳನ್ನೆಲ್ಲ ತಾನೇ ಚೀಲಕ್ಕೆ ತುಂಬಿದ. ಚೀಲವನ್ನು ಬೇರೆಯವರ ಕೈಗೆ ಕೊಡಲಿಲ್ಲ.

ಕಾರಿನ ಹಿಂದಿನ ಸೀಟಿನಿಂದ ಟಿಲ್ಲಿ ಕಿಟಕಿಗೆ ಮುಖ ತಂದಳು.

"ತಾತಾ, ನಾನು ಸರಿಯಾಗಿ ಮುಚ್ಚಲಿಲ್ವಾ?"

"ಸರಿಯಾಗೇ ಮುಚ್ದೆ ಪುಟ್ಟಿ," ಎಂದ ಡೆಲ್ಬರ್ಟ್. "ಅದು ನಿನ್ನ ಕೆಲಸ ಆಗಿರ್ಲಿಲ್ಲ."

ಜನೆಲ್ ಕಾರು ಹೊರಡಿಸಿದಳು.