ಬಿಚ್ಚದ ಕಟ್ಟು

ಝರಾಸಂಗಂ ಸುತ್ತಿನ ಹಳ್ಳಿಗಳಲ್ಲಿ ನನ್ನನ್ನು ಶುಗರ್ ಬಾಯಿ ಅನ್ನುತ್ತಾರೆ. ಅಪ್ಪ ಇಟ್ಟ ಸುಲಭಾ ಎಂಬ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ನನಗೇನೂ ಬೇಸರವಿಲ್ಲ. ಬೆಳಗಾದರೆ ಮನೆಗೆ ಬಂದು ಬೆರಳು ಚುಚ್ಚುವವಳಿಗೆ ಇದಕ್ಕಿಂತ ಕೆಟ್ಟ ಹೆಸರುಗಳೂ ಸಿಗುತ್ತವೆ. ನನಗೆ ಸಿಕ್ಕಿವೆ ಕೂಡ.

ಎರಡು ವರ್ಷದಿಂದ ಒಂದು ಸಂಶೋಧನೆಗೆ ಕೆಲಸ ಮಾಡುತ್ತಿದ್ದೇನೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸೋಂಕು ಹೇಗೆ ತಗಲುತ್ತದೆ, ತಗಲಿದರೆ ಎಷ್ಟು ಬೇಗ ಏರುತ್ತದೆ ಎಂದು ತಿಳಿಯುವ ಕೆಲಸ ಅದು. ತಿಂಗಳಿಗೊಮ್ಮೆ ಮನೆಮನೆಗೆ ಹೋಗಬೇಕು. ಮೈಮೇಲೆ ಗಾಯವಿದ್ದರೆ ಕಟ್ಟು ಬಿಚ್ಚಿ, ಸ್ಕೇಲು ಇಟ್ಟು ಅಳೆದು, ಫೋಟೋ ತೆಗೆದು, ಫಾರ್ಮಿನಲ್ಲಿ ಬರೆಯಬೇಕು. ಇದು ನಿಯಮ. ನಿಯಮ ಮಾಡಿದವರು ಯಾರೂ ಜಹೀರಾಬಾದಿನ ಕೊನೆಯ ಬಸ್ಸಿಗೆ ಓಡಿದವರಲ್ಲ.

ಆ ಶುಕ್ರವಾರ ಮರೆಮ್ಮನ ಎಡಗೈಗೆ ಅರಿಶಿನದ ಬಟ್ಟೆ ಸುತ್ತಿತ್ತು. ಮರೆಮ್ಮ ಕುರಿ ಸಾಕುವ ಧರ್ಮಣ್ಣನ ಹೆಂಡತಿ, ಐವತ್ತೈದು ದಾಟಿದವಳು, ಆರು ವರ್ಷದಿಂದ ಶುಗರ್ ಇದೆ. ನಾನು ಅವಳ ಅಂಗಳಕ್ಕೆ ಬಂದಾಗ ಐದು ಗಂಟೆ, ಬಸ್ಸು ಐದೂಕಾಲಿಗೆ. ಕಟ್ಟು ಬಿಚ್ಚಲಿಲ್ಲ. "ಶುಗರ್ ಹುಣ್ಣು, ಹಳೆಯದು, ಒಂದೂವರೆ ಸೆಂಟಿಮೀಟರ್" ಎಂದು ಬರೆದು, ಫೋಟೋದ ಜಾಗದಲ್ಲಿ "ನೆಟ್‌ವರ್ಕ್ ಇಲ್ಲ" ಎಂದು ಗೀಚಿ, ಮನೆಯವರ ಪ್ರತಿ ಕೊಟ್ಟು ಓಡಿದೆ. ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು.

ಮಂಗಳವಾರ ಬೆಳಿಗ್ಗೆ ಅವಳ ಸೊಸೆ ಶಿರೀಷಾ ಫೋನ್ ಮಾಡಿದಳು.

"ಬಾಯಾರ, ಅತ್ತಿ ಕೈ ಮೊಣಕೈ ತನಕ ಬಾವು ಬಂದದ್ರಿ. ಮೈ ತುಂಬ ಜ್ವರ. ಲಗೂನ ಬರ್ರಿ."

ಹೋದೆ. ಈ ಸಲ ಕಟ್ಟು ಬಿಚ್ಚಿದೆ. ಹೆಬ್ಬೆರಳ ಬುಡದಲ್ಲಿ ಕಲ್ಲಿದ್ದಲಿನಷ್ಟು ಕಪ್ಪಗಿನ ಒಂದು ಹಕ್ಕಳೆ, ಸುತ್ತ ನೀರುಗುಳ್ಳೆ, ಅಲ್ಲಿಂದ ಮೇಲಕ್ಕೆ ತೋಳೆಲ್ಲ ಬಿಗಿದು ಹೊಳೆಯುತ್ತಿತ್ತು. ಬೆರಳಿಂದ ಮೆಲ್ಲಗೆ ಒತ್ತಿದೆ.

"ನೋಯ್ತದೇನವ್ವಾ?"

"ಇಲ್ಲವ್ವಾ. ಇಷ್ಟ ಉಬ್ಬ್ಯಾದ, ಅಲ್ಲಿ ನೋವ ಇಲ್ಲ," ಅಂದಳು ಮರೆಮ್ಮ.

ಹೋದ ವರ್ಷದ ತರಬೇತಿಯಲ್ಲಿ ಇಂಥದೇ ಒಂದು ಚಿತ್ರ ತೋರಿಸಿದ್ದರು. ನೋವಿಲ್ಲದ ಕಪ್ಪು ಹುಣ್ಣು, ಕುರಿ ದನದ ಸಂಗಡ ಇರುವವರ ಕೈಮೇಲೆ. ಫೋಟೋ ತೆಗೆದು ನಮ್ಮ ಸಂಶೋಧನೆಯ ಡಾಕ್ಟರು ಅಪೂರ್ವ ಅವರಿಗೆ ಕಳಿಸಿದೆ. ಅವರು ನಾರಾಯಣಖೇಡದಲ್ಲಿದ್ದರು. ಒಂದು ನಿಮಿಷದೊಳಗೆ ಫೋನ್ ಬಂತು.

"ಸುಲಭಾ, ಇದು ಆಂಥ್ರಾಕ್ಸ್ ಇರಬಹುದು. ಸತ್ತ ಕುರಿ ಏನಾದರೂ ಮುಟ್ಟಿದ್ದಾರಾ ಕೇಳಿ. ತಕ್ಷಣ ಜಹೀರಾಬಾದಿಗೆ ಕರೆದುಕೊಂಡು ಹೋಗಿ. ಒಂದು ಮಾತು ನೆನಪಿಡಿ, ಆಂಥ್ರಾಕ್ಸ್ ಆಗಿದ್ದರೆ ಆ ಹುಣ್ಣಿಗೆ ಚಾಕು ಹಾಕಬಾರದು. ಹಾಕಿದರೆ ರಕ್ತಕ್ಕೆ ಸೇರಬಹುದು. ಶುಗರ್ ಇದ್ದವರು, ಆಮೇಲೆ ಉಳಿಸೋದು ಕಷ್ಟ. ಬೇಕಾದದ್ದು ಇಂಜೆಕ್ಷನ್."

ಧರ್ಮಣ್ಣ ಬಾಗಿಲಲ್ಲಿ ನಿಂತಿದ್ದ. ತೆಲುಗಿನವರು ದೊಮ್ಮರೋಗ ಅನ್ನುವುದು ಇದನ್ನೇ ಎಂದು ಹೇಳಿ, ನೇರವಾಗಿ ಕೇಳಿದೆ, "ಕಾಕಾ, ಈ ಹದಿನೈದು ದಿನದಾಗ ಕುರಿ ಸತ್ತದೇನು?"

"ಸತ್ತಿಲ್ರಿ. ಹೋದ ಮಂಗಳವಾರ ಒಂದು ಕೊಯ್ದೀವಿ. ಉಸಿರಿತ್ತು."

ಆ "ಉಸಿರಿತ್ತು" ಎಂಬ ಮಾತು ನನಗೆ ಗೊತ್ತು. ಅವರ ಕೇರಿಯಲ್ಲಿ ಯಾರದಾದರೂ ಕುರಿಗೆ ಜಡ್ಡಾದರೆ ಕೊಯ್ದು ಪಾಲು ಮಾಡುತ್ತಾರೆ. ಮುತ್ತುಗದ ಎಲೆ ಸಾಲಾಗಿ ಹಾಸಿ, ಒಂದೊಂದು ಮನೆಗೆ ಒಂದೊಂದು ಗುಡ್ಡೆ. ಯಾರೂ ಎಲೆ ಮುಟ್ಟುವ ಮೊದಲು ಹಿರಿಯಳು ಭೀಮಮ್ಮ ಎಲ್ಲರೆದುರು ಕೇಳುತ್ತಾಳೆ, "ಉಸಿರಿತ್ತೇನೋ?" ಕುರಿಯ ಯಜಮಾನ "ಇತ್ತು" ಅನ್ನಬೇಕು. ಸತ್ತದ್ದನ್ನು ಕೊಯ್ದು ಹಂಚುವಂತಿಲ್ಲ. ಒಮ್ಮೆ ಇತ್ತು ಅಂದಮೇಲೆ ಆ ಮಾತು ದೇವರ ಮುಂದೆ ಆಡಿದ ಹಾಗೆ, ಮತ್ತೆ ಯಾರೂ ಅದನ್ನು ಕೆದಕುವುದಿಲ್ಲ.

ಮರೆಮ್ಮನನ್ನು ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಧರ್ಮಣ್ಣ ನನ್ನ ಮುಖ ನೋಡಲಿಲ್ಲ. ಶಿರೀಷಾ ಹೇಳಿದ ಪ್ರಕಾರ ಆ ದಿನ ತಲೆ, ಕಾಲು, ಬೋಟಿ ಎಲ್ಲ ತೊಳೆದವಳು ಮರೆಮ್ಮನೇ. ಗುರುವಾರ ಕೈಯಲ್ಲಿ ತುರಿಕೆ ಶುರುವಾಗಿತ್ತು, ಸಣ್ಣ ಗುಳ್ಳೆ ಎದ್ದಿತ್ತು. ಅದಕ್ಕೂ ಮೊದಲು ಆ ಕೈಮೇಲೆ ಏನೂ ಇರಲಿಲ್ಲ.

ಏನೂ ಇರಲಿಲ್ಲ. ನಾನು ಹಳೆಯ ಹುಣ್ಣು ಎಂದು ಬರೆದಿದ್ದೆ.

ಆಸ್ಪತ್ರೆಯಲ್ಲಿ ಸರ್ಜನ್ ಪ್ರವೀಣಕುಮಾರ ಒಳ್ಳೆಯ ಮನುಷ್ಯ. ಕನ್ನಡ ತಿಳಿಯುತ್ತದೆ, ಉತ್ತರ ತೆಲುಗಿನಲ್ಲಿ ಕೊಡುತ್ತಾರೆ. ಕೈ ನೋಡಿದರು, ಶುಗರ್ ನೋಡಿದರು, ಮುನ್ನೂರ ಎಂಬತ್ತು. ಆಮೇಲೆ ಹಳೆಯ ದಾಖಲೆ ಏನಾದರೂ ಇದೆಯಾ ಎಂದರು. ನನ್ನ ಬ್ಯಾಗಿನಿಂದ ಶಿರೀಷಾನೇ ಫೈಲು ತೆಗೆದು ಕೊಟ್ಟಳು. ಪಾಪ, ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ಡಾಕ್ಟರು ಫಾರ್ಮು ಓದಿದರು.

"ಹಳೆಯ ಶುಗರ್ ಹುಣ್ಣು. ನಾಲ್ಕೇ ದಿನದಲ್ಲಿ ಒಂದೂವರೆ ಸೆಂಟಿಮೀಟರಿನಿಂದ ಮೊಣಕೈವರೆಗೆ ಏರಿದೆ. ಒಳಗೆ ಕೊಳೆಯುತ್ತಿದೆ. ಈಗಲೇ ಕೊಯ್ದು ತೆಗೆಯಬೇಕು."

ಅಪೂರ್ವ ಅವರ ಅನುಮಾನ ಹೇಳಿದೆ. ಸರ್ಜನ್ ಧರ್ಮಣ್ಣನತ್ತ ತಿರುಗಿ, ಕುರಿ ಸತ್ತಿತ್ತೇ ಎಂದು ಕೇಳಿದರು. ಧರ್ಮಣ್ಣ ಇಲ್ಲವೆಂದು ತಲೆಯಾಡಿಸಿದ.

"ನೋಡಮ್ಮಾ," ಅಂದರು ಡಾಕ್ಟರು, "ಒಂದು ಕಡೆ ಫೋನಿನಲ್ಲಿ ಬಂದ ಅನುಮಾನ. ಇನ್ನೊಂದು ಕಡೆ ಕಣ್ಣಾರೆ ನೋಡಿ, ಅಳೆದು ಬರೆದ ದಾಖಲೆ. ಥಿಯೇಟರ್ ಸಿದ್ಧವಾಗಲು ಅರ್ಧ ತಾಸು ಬೇಕು. ಅಷ್ಟರಲ್ಲಿ ಬೇರೆ ಏನಾದರೂ ಇದ್ದರೆ ಹೇಳು."

ನಾರಾಯಣಖೇಡದಿಂದ ಹೊರಟಿದ್ದ ಅಪೂರ್ವ ಬರಲು ಇನ್ನೂ ಒಂದು ತಾಸಾದರೂ ಬೇಕಿತ್ತು. ನಾನು ಧರ್ಮಣ್ಣನನ್ನು ಹೊರಗೆ ಔಷಧಿ ಅಂಗಡಿಯ ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದೆ. ಖರೇ ಹೇಳಬೇಕೆಂದರೆ ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಅವನು ಬಾಯಿಬಿಟ್ಟರೆ ಸಾಕು, ನಾನು ಬಾಯಿಬಿಡಬೇಕಾಗಿಲ್ಲ. ಕುರಿಯ ಸುದ್ದಿಯ ಗದ್ದಲದಲ್ಲಿ ಫಾರ್ಮನ್ನು ಯಾರು ನೋಡುತ್ತಾರೆ? ಇಂಥ ಹೊತ್ತಿನಲ್ಲೂ ನನಗೆ ನೌಕರಿಯ ಚಿಂತೆ.

"ಕಾಕಾ, ಖರೇ ಹೇಳು. ಸತ್ತಿತ್ತಲಾ?"

"ಉಸಿರಿತ್ತು ಅಂತ ಹೇಳೀನ್ರಿ."

"ನೀ ಏನ್ ಹೇಳೀದಿ ಅಂತ ಕೇಳಿಲ್ಲ ನಾ. ಅವರು ಆ ಕೈಗೆ ಚಾಕು ಹಾಕಿದ್ರ ಅವ್ವ ಸಾಯ್ತಾಳ. ತಿಳೀತದೇನು ನಿನಗ?"

ಅವನು ಗೋಡೆಗೆ ಆತು ಕುಕ್ಕರುಗಾಲಲ್ಲಿ ಕುಳಿತ.

"ಹನ್ನೊಂದು ಮನಿ ಅವ ಬಾಯಾರ. ಹನ್ನೊಂದೂ ಮನ್ಯಾಗ ಉಂಡಾರ. ಭೀಮಮ್ಮ ಕೇಳಿದಾಗ ನಾ ಇತ್ತು ಅಂದೀನಿ. ಈಗ ಇಲ್ಲ ಅಂದ್ರ ನಾ ಯಾವ ಮುಖ ಇಟಗೊಂಡು ಊರಾಗ ತಿರಗಾಡ್ಲಿ?" ಎಂದವನು ತಟ್ಟನೆ ತಲೆ ಎತ್ತಿದ. "ಮತ್ತ ನೀವ ಶುಕ್ರವಾರ ನೋಡೀರಲ್ರಿ? ಶುಗರ್ ಹುಣ್ಣು ಅಂತ ಬರದೀರಿ. ಶಿರೀಷಾ ಓದಿ ಹೇಳ್ಯಾಳ ನನಗ. ಅವತ್ತು ನನ್ನ ಜೀವ ತಣ್ಣಗಾತು. ಕುರಿಯಿಂದ ಬಂದಿದ್ದಲ್ಲ, ಶುಗರ್ದು ಅಂತ. ಕಲತವರು ನೋಡಿ ಬರದಿದ್ದು ಸುಳ್ಳಾಗ್ತದೇನ್ರಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ, ಈಗ ಗೊತ್ತು. ಈ ಮನುಷ್ಯ ತನ್ನ ಸುಳ್ಳನ್ನು ನನ್ನ ಸುಳ್ಳಿನ ಮೇಲೆ ನಿಲ್ಲಿಸಿದ್ದ. ಡಾಕ್ಟರು ತಮ್ಮ ಚಾಕುವನ್ನೂ ಅದರ ಮೇಲೆಯೇ ನಿಲ್ಲಿಸಿದ್ದರು. ಒಳಗೆ ಟ್ರಾಲಿಯ ಗಾಲಿ ಉರುಳುವ ಸದ್ದು ಕೇಳಿಸಿತು.

"ಸುಳ್ಳು ಕಾಕಾ," ಅಂದೆ. "ನಾ ನೋಡೇ ಇಲ್ಲ. ಕಟ್ಟು ಬಿಚ್ಚಿಲ್ಲ. ಬಸ್ಸಿಗೆ ಟೈಮ್ ಆಗಿತ್ತು, ಮನಸಿಗೆ ಬಂದಿದ್ದು ಬರದು ಹೋದೆ."

ಅವನ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಓಡಿದೆ. ಮರೆಮ್ಮನನ್ನು ಥಿಯೇಟರ್ ಬಾಗಿಲ ತನಕ ತಂದಿದ್ದರು. ಡಾಕ್ಟರು ಕೈ ತೊಳೆಯುತ್ತಿದ್ದರು.

"ಸಾರ್, ಆ ಫಾರ್ಮು ಸುಳ್ಳು. ನಾನು ಗಾಯ ನೋಡಿಲ್ಲ, ಅಳೆದಿಲ್ಲ. ಹಳೆಯ ಹುಣ್ಣು ಇರಲೇ ಇಲ್ಲ. ಗುರುವಾರ ಹೊಸದಾಗಿ ಗುಳ್ಳೆ ಎದ್ದಿದ್ದು. ದಯವಿಟ್ಟು ಕೊಯ್ಯಬೇಡಿ."

ನರ್ಸು ಧನಲಕ್ಷ್ಮಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಡಾಕ್ಟರು ನಲ್ಲಿ ನಿಲ್ಲಿಸಿದರು. "ನೋಡದೆ ಬರೆದೆಯಾ?" ಎಂದು ಮೆಲ್ಲಗೆ ಕೇಳಿದರು. ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು. "ಹಾಗಾದರೆ ಇದು ಏನು? ಕುರಿ ಕೊಯ್ದಾಗ ಜೀವವಿತ್ತು ಅನ್ನುತ್ತಿದ್ದಾನಲ್ಲ ಅವನು?"

"ಇರಲಿಲ್ರಿ."

ಧರ್ಮಣ್ಣ ನನ್ನ ಹಿಂದೆಯೇ ಬಂದು ನಿಂತಿದ್ದ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ನಸುಕಿನ್ಯಾಗ ಎದ್ದು ನೋಡಿದ್ರ ಸತ್ತು ಬಿದ್ದಿತ್ತು. ಹಿಂದಿನ ದಿನ ಛಂದ ಮೇದಿತ್ರಿ, ಜಡ್ಡ ಇರಲಿಲ್ಲ. ಸುಮ್ನ ಹಾಳಾಗ್ತದಂತ ಕುತ್ತಿಗಿ ಕೊಯ್ದೆ. ರಕ್ತ ಚಿಮ್ಮಲಿಲ್ಲ. ಕರ್ರಗ ಒಸರ್ತು, ಗಟ್ಟಿನೂ ಆಗಲಿಲ್ಲ." ರುಮಾಲನ್ನು ಮುಖಕ್ಕೆ ಒತ್ತಿಕೊಂಡ. "ನಾ ಸುಳ್ಳ ಹೇಳೀನ್ರಿ, ಸಾಹೇಬ್ರ. ಅಕಿನ್ನ ಉಳಸ್ರಿ."

ಡಾಕ್ಟರು ಟ್ರಾಲಿಯನ್ನು ವಾರ್ಡಿಗೆ ತಿರುಗಿಸಲು ಹೇಳಿ, ಇಂಜೆಕ್ಷನ್ನಿನ ಹೆಸರು ಕೂಗಿ ಹೇಳಿದರು. ಮೊದಲ ಡೋಸು ಹೋದಾಗ ಹನ್ನೆರಡೂ ಹತ್ತು. ಆಮೇಲೆ ಧರ್ಮಣ್ಣನಿಂದ ಹನ್ನೊಂದು ಮನೆಗಳ ಹೆಸರು ಒಂದೊಂದಾಗಿ ಬರೆಸಿಕೊಂಡರು. ಪ್ರತಿ ಹೆಸರಿಗೂ ಅವನು ತಡೆದು ತಡೆದು ಉಸಿರೆಳೆದುಕೊಳ್ಳುತ್ತಿದ್ದ. ಸಂಜೆ ಹೊತ್ತಿಗೆ ಆರೋಗ್ಯ ಇಲಾಖೆಯವರ ಜೀಪು ಊರು ಸೇರಿತು. ಇನ್ನಿಬ್ಬರ ಕೈಮೇಲೆ ಗುಳ್ಳೆ ಸಿಕ್ಕವು. ಎರಡನ್ನೂ ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದರು.

ಅಪೂರ್ವ ನನ್ನನ್ನು ಬೈಯಲಿಲ್ಲ. "ಇಂಥವು ಇನ್ನೆಷ್ಟಿವೆ ಸುಲಭಾ?" ಎಂದಷ್ಟೇ ಕೇಳಿದರು. ಒಂಬತ್ತು ಎಂದೆ. ಒಂಬತ್ತೂ ಫಾರ್ಮು ತೆಗೆದಿಟ್ಟುಕೊಂಡರು. ನೌಕರಿಯ ಬಗ್ಗೆ ಇನ್ನೂ ಏನೂ ಹೇಳಿಲ್ಲ, ನಾನೂ ಕೇಳಿಲ್ಲ.

ಎರಡು ದಿನ ಮರೆಮ್ಮ ನಮ್ಮ ಕೈಯಲ್ಲಿರಲಿಲ್ಲ. ಜ್ವರ ಇಳಿಯುವುದು, ಏರುವುದು. ಮಗನ ಹೆಸರು, ಕುರಿಗಳ ಹೆಸರು ಕಲಸಿ ಕೂಗುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಹೋದಾಗ ಎದ್ದು ಕುಳಿತು ಚಹಾ ಕುಡಿಯುತ್ತಿದ್ದಳು. ತೋಳಿನ ಬಿಗಿ ಸಡಿಲಾಗಿತ್ತು. ಧರ್ಮಣ್ಣ ಕಾಲ ಹತ್ತಿರ ನೆಲದ ಮೇಲೆ ಕುಳಿತಿದ್ದ. ಊರಿಂದ ಆವರೆಗೂ ಯಾರೂ ನೋಡಲು ಬಂದಿರಲಿಲ್ಲ.

ನಾನು ಮಂಚದ ಪಕ್ಕ ಕುಳಿತು, "ನಂದು ತಪ್ಪಾತವ್ವಾ. ಅವತ್ತ ನಾ ಕಟ್ಟು ಬಿಚ್ಚಿ ನೋಡಬೇಕಿತ್ತು," ಅಂದೆ.

ಅವಳು ಚಹಾದ ಲೋಟ ಕೆಳಗಿಟ್ಟಳು. ಗಂಡನ ಕಡೆ ಒಮ್ಮೆ ನೋಡಿದಳು. ಅವನು ತಲೆ ತಗ್ಗಿಸಿದ.

"ಕುರಿ ಸತ್ತದ್ದು ನನಗ ಗೊತ್ತಿತ್ತವ್ವಾ. ತೊಳದಾಕಿ ನಾನ. ಗಂಡ ಊರ ಮುಂದ ಆಡಿದ ಮಾತು, ನಾ ಹೆಂಗ ಒಡೀಲಿ? ಯಾರರ ತಾವಾಗೇ ನೋಡಿ, ಇದೇನಂತ ಕೇಳಿದ್ರ ಹೇಳಬೇಕಂತಿದ್ದೆ. ನೀ ಬರೂ ದಿನ ಅಂತ ಮುಂಜಾನಿಂದ ಅಂಗಳದಾಗ ಕುಂತಿದ್ದೆ. ಗಂಟ ಸಡ್ಲ ಮಾಡಿ ಇಟ್ಟಿದ್ದೆ, ನಿನಗ ಬಿಚ್ಚಾಕ ತ್ರಾಸ ಆಗಬಾರ್ದಂತ."