ಅಂಗೈಯಷ್ಟು ರಟ್ಟು

ಅರವತ್ತೊಂದರ ಬೇಸಿಗೆ. ಯಶವಂತಪುರದ ಲಾರಿ ಶೆಡ್ಡಿನಲ್ಲಿ ಬೆಳಗಿನ ಟೀ ಲೋಟಗಳನ್ನು ಇನ್ನೂ ತೊಳೆದಿರಲಿಲ್ಲ. ಸಕ್ಕರೆ ಮೂಟೆ ಹೊತ್ತ ಲಾರಿಯೊಂದು ಕರಿಹೊಗೆ ಕಾರುತ್ತ, ಮುಗ್ಗರಿಸುತ್ತ ಬಂದು ನಿಂತಿತು. ಉಸ್ತಾದ್ ನೂರುಲ್ಲಾ ಡೀಸೆಲ್ ಪಂಪಿನ ಟೈಮಿಂಗ್ ಗುರುತು ನೋಡಿದ, ಸರಿಯಾಗಿಯೇ ಇತ್ತು. ಇಂಜಿನ್ ಓಡುತ್ತಿದ್ದಂತೆ ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದ. ಮೂರನೆಯದನ್ನು ಸಡಿಲಿಸಿದಾಗ ಮಾತ್ರ ಇಂಜಿನ್ನಿನ ಸದ್ದು ಬದಲಾಗಲಿಲ್ಲ; ಆ ಸಿಲಿಂಡರು ಮೊದಲೇ ಕೆಲಸ ಮಾಡುತ್ತಿರಲಿಲ್ಲ.

"ಇದೇ ಕಳ್ಳ. ಬಿಚ್ಚು ಬೈರಪ್ಪ."

ಮತ್ತಿಕೆರೆಯ ಚಿಕ್ಕಬೈರಪ್ಪ ಅವನ ಕೈಕೆಳಗಿನ ಮೆಕ್ಯಾನಿಕ್ಕು. ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ, ಬಾಯಿ ಹೊರಗೆ ಮಾಡಿ ಮತ್ತೆ ಪೈಪಿಗೆ ಜೋಡಿಸಿದ. ಇಂಜಿನ್ ತಿರುಗಿಸಿದಾಗ ಡೀಸೆಲ್ ಹೇಗೆ ಚಿಮ್ಮುತ್ತದೆಂದು ನೋಡಬೇಕು. ಅದಕ್ಕೆ ಅಡ್ಡ ಹಿಡಿಯಲು ಅವನೊಂದು ರಟ್ಟಿನ ತುಂಡು ಎತ್ತಿಕೊಂಡ.

ನೂರುಲ್ಲಾ ನಕ್ಕ. "ಏನೋ, ಮದುಮಗಳ ಕೈಯಾ? ಗೋರಂಟಿ ಹಾಳಾಗುತ್ತಾ? ಅಂಗೈ ಇಡೋ. ಉಸ್ತಾದ್ ಆಗೋನಿಗೆ ಅಂಗೈಯೇ ಹೇಳ್ಬೇಕು!"

ಶೆಡ್ಡೆಲ್ಲ ನಕ್ಕಿತು. ಬೈರಪ್ಪ ರಟ್ಟು ಬಿಸಾಡಿ ಕೈ ಒಡ್ಡಿದ. ಇಂಜಿನ್ ತಿರುಗಿತು, ಡೀಸೆಲ್ ಅಂಗೈಗೆ ಚಿಮ್ಮಿತು.

"ಸೂಜಿ ಚುಚ್ಚಿದಂಗಾಯ್ತು ಉಸ್ತಾದ್."

ಒಂದು ಚುಕ್ಕೆ. ರಕ್ತವೂ ಇಲ್ಲ. "ಅರಿಶಿನ ಹಚ್ಕೋ" ಎಂದ ನೂರುಲ್ಲಾ. ಹೊಸ ನಾಜಲ್ ಹಾಕಿದ ಲಾರಿ ಮಧ್ಯಾಹ್ನವೇ ಹೊರಟಿತು.

ಚರ್ಮದೊಳಗೆ ಹೊಕ್ಕ ಡೀಸೆಲ್ ಸುಮ್ಮನಿರಲಿಲ್ಲ. ಕೈ ಊದಿತು, ಕಪ್ಪಿಟ್ಟಿತು. ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕತ್ತರಿಸಿ ತೆಗೆದರು.

ಕೆಲವು ವಾರ ಕಳೆದು ಬೈರಪ್ಪನ ಹೆಂಡತಿ ಬೈರಮ್ಮ ಶೆಡ್ಡಿಗೆ ಬಂದು ಪರಿಹಾರ ಕೇಳಿದಳು. ಮಾಲೀಕ ವೆಂಕಟರಾಮಯ್ಯ ಕುರ್ಚಿ ಬಿಟ್ಟೇಳಲಿಲ್ಲ.

"ಅವನಾಗವನೇ ಕೈ ಇಟ್ಟ ಕಣಮ್ಮ. ನಾನೇನ್ ಮಾಡ್ಲಿ? ಒಂಟಿಕೈಯವನಿಗೆ ಇಲ್ಲೇನ್ ಕೆಲಸ?"

ನಾಜಲ್ ಕೆಟ್ಟರೆ ಹೊಸದು ತರಿಸುವ ಶೆಡ್ಡು, ಕೈ ಕೆಟ್ಟವನನ್ನು ಹೊರಗೆ ಹಾಕಿತ್ತು.

ಬೈರಮ್ಮ ನೂರುಲ್ಲಾನ ಕಡೆ ತಿರುಗಿದಳು. "ನೀನೇಳಣ್ಣ. ಅಂಗೇ ಆಯ್ತಾ? ಆ ಕೆಲ್ಸಕ್ಕೆ ಕೈಯೇ ಬೇಕಿತ್ತಾ?"

ಇನ್ನೊಂದು ಲಾರಿಯ ನಾಜಲ್ ಮುಂದೆ ಹೊಸ ಆಳು ಆಗಲೇ ಅಂಗೈ ಒಡ್ಡಿ ನಿಂತಿದ್ದ. ನೂರುಲ್ಲಾ ಆ ಕೈಯನ್ನು ಸರಿಸಿದ. ಬೈರಪ್ಪ ಬಿಸಾಡಿದ್ದ ರಟ್ಟು ಮೂಲೆಯಲ್ಲೇ ಬಿದ್ದಿತ್ತು. ತಂದು ಹಿಡಿದ.

"ತಿರುಗ್ಸು."

ಡೀಸೆಲ್ ಚಿಮ್ಮಿತು. ಒಂದು ಕಡೆ ದಟ್ಟ, ಒಂದು ಕಡೆ ತೆಳು. ನಾಜಲಿನ ರೋಗವೆಲ್ಲ ರಟ್ಟಿನ ಮೇಲೆಯೇ ಕಾಣುತ್ತಿತ್ತು.

"ಬೇಕಿರ್ಲಿಲ್ಲ ತಾಯಿ."

"ನೂರುಲ್ಲಾ!" ವೆಂಕಟರಾಮಯ್ಯ ಗದರಿದ.

"ಬೇಕಿರ್ಲಿಲ್ಲ ಸಾಹುಕಾರ್ರೇ. ಅವ್ನು ರಟ್ಟೇ ಎತ್ಕೊಂಡಿದ್ದ. ನಕ್ಕು ಕೈ ಇಡಿಸಿದ್ದು ನಾನು. ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ."

ಬೈರಮ್ಮ ಅವನ ಕೈಯಿಂದ ರಟ್ಟು ತೆಗೆದುಕೊಂಡಳು. ಒದ್ದೆ ಗುರುತು ಮೆಲ್ಲಗೆ ಹರಡುತ್ತ ಅಂಗೈಯಷ್ಟಗಲವಾಯಿತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮತ್ತಿಕೆರೆಯ ಕಡೆ ನಡೆದಳು.